ಎದೆನೋವಿನ ರೋಗಿ ಮತ್ತು ನರ್ಸ್: ಕ್ಯಾಶುವಲ್ಟಿಯ ಮೊದಲ ಹತ್ತು ನಿಮಿಷದಿಂದ ಮನೆಗೆ ಕಳಿಸುವವರೆಗೆ

ಕಾರ್ಡಿಯಾಕ್ ವಾರ್ಡಿನಲ್ಲಿ ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ. ಉಳಿದ ಹೊತ್ತೆಲ್ಲ ರೋಗಿಯ ಉಸಿರು, ಬೆವರು, ಮೂತ್ರದ ಪ್ರಮಾಣ, ಮಾನಿಟರಿನ ಗೆರೆ ಇವುಗಳ ಮೇಲೆ ಕಣ್ಣಿಟ್ಟಿರುವವರು ನರ್ಸ್. ಹಾಗಾಗಿ ಹೃದ್ರೋಗಿಯ ಆರೈಕೆಯಲ್ಲಿ ನರ್ಸಿಗೆ ಬೇಕಾದ ತಿಳಿವಳಿಕೆ ಎಂದರೆ ಕಾಯಿಲೆಯ ವ್ಯಾಖ್ಯೆಗಳನ್ನು ಒಪ್ಪಿಸುವುದಲ್ಲ. ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗುರುತಿಸಬೇಕು, ಅಳೆಯಬೇಕು, ಗಡಿಯಾರ ನೋಡಿ ಬರೆಯಬೇಕು, ಡಾಕ್ಟರು ಎದ್ದು ಬರುವಂತೆ ಹೇಳಬೇಕು. ಔಷಧಿ, ಯಂತ್ರ ಎಲ್ಲವೂ ಇದರ ಬೆನ್ನಿಗೆ ಬರುತ್ತವೆ.

ಈ ಬರಹ ಮುಂಬಯಿಯ ಆಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರಿರುವ ಕನ್ನಡದ ನರ್ಸ್‌ಗಳಿಗಾಗಿ. ಔಷಧಿಯ ಆದೇಶ ಡಾಕ್ಟರದ್ದೇ. ಇಲ್ಲಿ ಪ್ರಮಾಣಗಳನ್ನು ಕೊಟ್ಟಿರುವುದು ಆದೇಶದಲ್ಲಿ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ನಿಮ್ಮ ಕಣ್ಣಿಗೆ ಬೀಳಲಿ, ನೀವು ನಿಲ್ಲಿಸಿ ಕೇಳುವಂತಾಗಲಿ ಎಂದು. ನಿಮ್ಮ ಘಟಕದ ಪ್ರೋಟೋಕಾಲ್ ಬೇರೆ ಇದ್ದರೆ ಅದನ್ನೇ ನಡೆಸಿ.

ರೋಗಿ ಏನೆಂದು ಹೇಳುತ್ತಾನೆ

ಪರೇಲ್, ಸಾಯನ್, ಮುಂಬಯಿ ಸೆಂಟ್ರಲ್ ಕಡೆಯ ದೊಡ್ಡ ಆಸ್ಪತ್ರೆಗಳಿಗೆ ಬರುವ ನಮ್ಮವರಲ್ಲಿ ಹೋಟೆಲ್ ಕೆಲಸದವರು, ಕ್ಯಾಂಟೀನಿನವರು, ಕಟ್ಟಡದ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರು ಇರುತ್ತಾರೆ. ಇವರಲ್ಲಿ 'ಎದೆನೋವು' ಎಂದು ನೇರವಾಗಿ ಹೇಳುವವರು ಕಡಿಮೆ. "ಗ್ಯಾಸ್ ಆಗಿದೆ ಸಿಸ್ಟರ್", "ಎದೆ ಹಿಡ್ಕೊಂಡಂಗ ಆಗೇದ", "ಒಂಥರಾ ಸಂಕಟ", "ಕೈ ಜೋಮು ಹಿಡಿದಿದೆ", "ಗಂಟಲು ಒತ್ತಿದ ಹಾಗೆ" ಎನ್ನುತ್ತಾರೆ. ಮರಾಠಿಯವರು 'ಛಾತೀತ್ ದುಖ್ತಂಯ್' ಎನ್ನದೆ 'ಅಸ್ವಸ್ಥ ವಾಟ್ತಂಯ್' (ಸಂಕಟವಾಗುತ್ತಿದೆ), 'ಧಾಪ್ ಲಾಗ್ತೇ' (ಏದುಸಿರು), 'ಖೂಪ್ ಘಾಮ್ ಆಲಾ' (ತುಂಬ ಬೆವರು ಬಂತು) ಎನ್ನಬಹುದು. ಮೂವತ್ತು ದಾಟಿದ ಯಾರೇ ಆಗಲಿ 'ಗ್ಯಾಸ್' ಎಂದು ಹೊಟ್ಟೆಯ ಮೇಲ್ಭಾಗದ ಮೇಲೆ ಕೈಯಿಟ್ಟುಕೊಂಡು ಬೆವರುತ್ತ ಬಂದರೆ, ಇಸಿಜಿ ತೆಗೆಯುವವರೆಗೆ ಅದನ್ನು ಹೃದಯದ ನೋವೆಂದೇ ಹಿಡಿಯಬೇಕು. ಆಂಟಾಸಿಡ್ ಕುಡಿದು ಹಗುರವಾಯಿತು ಎಂದ ಮಾತ್ರಕ್ಕೆ ಹೃದಯಾಘಾತವಲ್ಲ ಎಂದಾಗುವುದಿಲ್ಲ.

ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ನೋವೇ ಇಲ್ಲದಿರಬಹುದು. ಬರಿ ಏದುಸಿರು, ವಾಂತಿ, ವಿಪರೀತ ಸುಸ್ತು. ಎರಡು ದಿನದಿಂದ ಅಡುಗೆಮನೆಯಲ್ಲಿ ನಿಲ್ಲಲಾಗುತ್ತಿಲ್ಲ ಎಂದು ಬಂದ ಅರವತ್ತರ ಅಮ್ಮನನ್ನು ಜನರಲ್ ಓಪಿಡಿಯ ಸಾಲಿನಲ್ಲಿ ಕೂರಿಸುವ ಮೊದಲು ಒಂದು ಇಸಿಜಿ ತೆಗೆಯಿರಿ.

ಕೇಳಲೇಬೇಕಾದ ಪ್ರಶ್ನೆಗಳು: ನೋವು ಶುರುವಾದಾಗ ಏನು ಮಾಡುತ್ತಿದ್ದಿರಿ? ಒತ್ತಿದ ಹಾಗೋ, ಉರಿದ ಹಾಗೋ, ಚುಚ್ಚಿದ ಹಾಗೋ? ಎಲ್ಲಿಗೆ ಹರಿಯುತ್ತದೆ, ದವಡೆಗೋ ಭುಜಕ್ಕೋ ಬೆನ್ನಿಗೋ? ಹತ್ತರಲ್ಲಿ ಎಷ್ಟು? ಇವುಗಳೆಲ್ಲಕ್ಕಿಂತ ಮುಖ್ಯವಾದದ್ದು ಶುರುವಾದ ಹೊತ್ತು. ಹೋಟೆಲಿನವರು ಗಂಟೆ ಹೇಳುವುದಿಲ್ಲ, "ಬೆಳಿಗ್ಗೆ ಇಡ್ಲಿ ಇಳಿಸುವಾಗ", "ಮಧ್ಯಾಹ್ನದ ರಷ್ ಮುಗಿದ ಮೇಲೆ" ಎನ್ನುತ್ತಾರೆ. ಜೊತೆಗೆ ಬಂದವರನ್ನೂ ಕೇಳಿ ಅದನ್ನು ಗಂಟೆ-ನಿಮಿಷಕ್ಕೆ ಇಳಿಸಿ ಕೇಸ್ ಪೇಪರಿನಲ್ಲಿ ಬರೆಯಿರಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಬೇಕೋ ಬೇಡವೋ ಎಂಬ ನಿರ್ಧಾರ ಈ ಹೊತ್ತಿನ ಮೇಲೆ ನಿಂತಿದೆ. ನೋವು ಶುರುವಾಗಿ 12 ಗಂಟೆಯೊಳಗೆ ಅದು ಉಪಯೋಗಕ್ಕೆ ಬರುತ್ತದೆ, ಮೊದಲ ಮೂರು ಗಂಟೆಯಲ್ಲಿ ಅತಿ ಹೆಚ್ಚು.

ಇಸಿಜಿ: ಹತ್ತು ನಿಮಿಷದೊಳಗೆ, ಸರಿಯಾದ ಜಾಗದಲ್ಲಿ

ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ತೆಗೆದು ಡಾಕ್ಟರ ಕೈಗೆ ಕೊಡಬೇಕು. ಅವಸರದಲ್ಲಿ ಆಗುವ ತಪ್ಪುಗಳೇ ಹೆಚ್ಚು ತೊಂದರೆ ಕೊಡುವುದರಿಂದ ಇದನ್ನು ವಿವರವಾಗಿ ನೋಡೋಣ.

1. ರೋಗಿಯನ್ನು ಅಂಗಾತ ಮಲಗಿಸಿ. ಉಬ್ಬಸವಿದ್ದರೆ ತಲೆಯ ಕಡೆ ಎತ್ತಿಯೇ ತೆಗೆಯಿರಿ, ಆದರೆ ಎಷ್ಟು ಎತ್ತಿದ್ದಿರಿ ಎಂದು ಕಾಗದದ ಮೇಲೆ ಬರೆಯಿರಿ. ಮುಂದಿನ ಇಸಿಜಿಯನ್ನೂ ಅದೇ ಭಂಗಿಯಲ್ಲಿ ತೆಗೆಯಬೇಕು.

2. ಮುಂಬಯಿಯ ಸೆಕೆಯಲ್ಲಿ ಬಂದವರ ಎದೆ ಒದ್ದೆಯಾಗಿರುತ್ತದೆ. ಗಾಜ್‌ನಿಂದ ಒರೆಸಿ ಒಣಗಿಸಿ, ದಟ್ಟ ಕೂದಲಿದ್ದರೆ ಆ ಜಾಗದಷ್ಟೇ ತೆಗೆಯಿರಿ. ಬೆವರಿನ ಮೇಲೆ ಎಲೆಕ್ಟ್ರೋಡ್ ಅಂಟಿಸಿದರೆ ಗೆರೆ ಮೇಲೆ ಕೆಳಗೆ ಅಲೆಯುತ್ತದೆ, ಎಸ್‌ಟಿ ಭಾಗವನ್ನು (ಹೃದಯಾಘಾತ ತೋರಿಸುವ ಗೆರೆಯ ತುಣುಕು) ಓದಲಾಗುವುದಿಲ್ಲ.

3. ಎದೆಮೂಳೆಯ ಮೇಲ್ಭಾಗದಿಂದ ಬೆರಳು ಜಾರಿಸಿದರೆ ಒಂದು ಉಬ್ಬು ಸಿಗುತ್ತದೆ. ಅದರ ಪಕ್ಕಕ್ಕೆ ಎರಡನೇ ಪಕ್ಕೆಲುಬು, ಅದರ ಕೆಳಗಿನದು ಪಕ್ಕೆಲುಬುಗಳ ನಡುವಿನ ಎರಡನೇ ಸಂದು. ಅಲ್ಲಿಂದ ಎಣಿಸುತ್ತ ನಾಲ್ಕನೇ ಸಂದಿಗೆ ಇಳಿಯಿರಿ. ಎದೆಯ ಎಲೆಕ್ಟ್ರೋಡ್‌ಗಳಿಗೆ ವಿ1ರಿಂದ ವಿ6 ಎಂದು ಹೆಸರು: ಎದೆಮೂಳೆಯ ಬಲಕ್ಕೆ ವಿ1, ಎಡಕ್ಕೆ ವಿ2.

4. ಈಗ ವಿ3 ಬಿಟ್ಟು ವಿ4 ಇಡಿ: ಐದನೇ ಸಂದು, ಕೊರಳೆಲುಬಿನ ನಡುವಿನಿಂದ ಇಳಿಯುವ ಗೆರೆಯಲ್ಲಿ. ವಿ2 ಮತ್ತು ವಿ4ರ ಸರಿಮಧ್ಯೆ ವಿ3. ವಿ4ರ ಮಟ್ಟದಲ್ಲೇ ಅಡ್ಡವಾಗಿ ಹೋಗಿ ಕಂಕುಳಿನ ಮುಂಗೆರೆಯಲ್ಲಿ ವಿ5, ನಡುಗೆರೆಯಲ್ಲಿ ವಿ6. ಹೆಂಗಸರಲ್ಲಿ ವಿ4ರಿಂದ ವಿ6 ಸ್ತನದ ಕೆಳಗೆ. ಪರದೆ ಎಳೆದು, ಏನು ಮಾಡುತ್ತೀರಿ ಎಂದು ಹೇಳಿ, ಅವರ ಕೈಯಿಂದಲೇ ಎತ್ತಿಸಿ ಇಡಿ.

5. ಕೈಕಾಲಿನ ವೈರುಗಳ ಬಣ್ಣವನ್ನು ನಂಬಬೇಡಿ, ಅದರ ಮೇಲಿನ ಅಕ್ಷರ ಓದಿ. ಒಂದು ಪದ್ಧತಿಯಲ್ಲಿ ಕೆಂಪು ಬಲಗೈಗೆ, ಇನ್ನೊಂದರಲ್ಲಿ ಅದೇ ಕೆಂಪು ಎಡಗಾಲಿಗೆ. ಒಂದೇ ವಾರ್ಡಿನಲ್ಲಿ ಎರಡೂ ಬಗೆಯ ಯಂತ್ರಗಳು ಇರಬಹುದು.

6. ವೇಗ ಸೆಕೆಂಡಿಗೆ 25 ಮಿ.ಮೀ., ಎತ್ತರ ಒಂದು ಮಿಲಿವೋಲ್ಟಿಗೆ 10 ಮಿ.ಮೀ. ಇದೆಯೇ ನೋಡಿ. ಯಾರೋ ಹಿಂದಿನ ರೋಗಿಗೆ ಬದಲಿಸಿ ಹಾಗೇ ಬಿಟ್ಟಿರುವುದುಂಟು.

ಅತಿ ಹೆಚ್ಚು ಕಾಣುವ ತಪ್ಪು ವಿ1, ವಿ2ಗಳನ್ನು ಒಂದೆರಡು ಸಂದು ಮೇಲೆ ಅಂಟಿಸುವುದು. ಆಗ ಇಲ್ಲದ ಹಳೆಯ ಹೃದಯಾಘಾತವೊಂದು ಕಾಗದದ ಮೇಲೆ ಕಾಣಿಸಿಕೊಳ್ಳುತ್ತದೆ. ಇನ್ನೊಂದು, ಎಡಗೈ ಬಲಗೈ ವೈರು ಅದಲುಬದಲಾಗುವುದು. ಲೀಡ್ 1ರಲ್ಲಿ (ಲೀಡ್ ಎಂದರೆ ಯಂತ್ರ ಬರೆಯುವ ಒಂದೊಂದು ಗೆರೆ) ಎಲ್ಲವೂ ತಲೆಕೆಳಗಾಗಿ, ಎವಿಆರ್ ಮೇಲ್ಮುಖವಾಗಿದ್ದರೆ ಕಾಗದ ಹರಿಯುವ ಮೊದಲೇ ವೈರು ನೋಡಿ. ಗೆರೆ ದಪ್ಪಗೆ ಗರಗಸದಂತಿದ್ದರೆ ಪಕ್ಕದಲ್ಲಿ ಚಾರ್ಜಿಗೆ ಹಾಕಿದ ಮೊಬೈಲ್ ತೆಗೆಸಿ. ಏಸಿಯ ಚಳಿಗೆ ನಡುಗುತ್ತಿದ್ದರೆ ಹೊದಿಸಿ.

ಎರಡು, ಮೂರು ಮತ್ತು ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಎದ್ದಿದ್ದರೆ ಹೃದಯದ ಕೆಳಗೋಡೆಯ ಆಘಾತ. ಆಗ ಬಲ ಎದೆಯ ಲೀಡ್ ಕೂಡ ಬೇಕು. ವಿ4 ವೈರನ್ನು ಬಲಕ್ಕೆ ಅದೇ ಮಟ್ಟದಲ್ಲಿ ಇಟ್ಟು ತೆಗೆದು, ಕಾಗದದ ಮೇಲೆ ಕೈಯಲ್ಲಿ 'ಬಲ ವಿ4' ಎಂದು ಬರೆಯಿರಿ. ಕೇಳದಿದ್ದರೂ ತೆಗೆದಿಡಿ ಎನ್ನುವುದು ನಮ್ಮ ಸಲಹೆ. ಏಕೆಂದರೆ ಬಲ ಕುಹರಕ್ಕೂ (ಹೃದಯದ ಬಲ ಕೆಳಕೋಣೆ) ಪೆಟ್ಟಾಗಿದ್ದರೆ ರಕ್ತನಾಳ ಹಿಗ್ಗಿಸುವ ನೈಟ್ರೇಟ್ ಮಾತ್ರೆ ಒಂದೇ ಸಾಕು, ಬಿಪಿ ಕುಸಿಯಲು.

ಎದೆಯ ಮೇಲೆ ಎಲೆಕ್ಟ್ರೋಡ್ ಇಟ್ಟ ಜಾಗಗಳನ್ನು ಮಾರ್ಕರಿನಿಂದ ಗುರುತಿಸಿ. ಮುಂದಿನ ಪಾಳಿಯವರು ಅದೇ ಜಾಗದಲ್ಲಿ ಇಟ್ಟರೆ ಮಾತ್ರ ಎರಡು ಇಸಿಜಿಗಳನ್ನು ಹೋಲಿಸಬಹುದು. ಥರ್ಮಲ್ ಕಾಗದ ಬೆಳಕಿಗೂ ಬಿಸಿಗೂ ಮಾಸುತ್ತದೆ. ಮೊದಲ ಇಸಿಜಿಯ ಜೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸಿ.

ಮೊದಲ ಔಷಧಿಗಳು

ಆಸ್ಪಿರಿನ್ 300 ಅಥವಾ 325 ಮಿ.ಗ್ರಾಂ., ಮೇಲ್ಪದರ ಇಲ್ಲದ ಮಾತ್ರೆ, ಜಗಿದು ನುಂಗಬೇಕು. ಪದರವಿರುವ ಮಾತ್ರೆಯನ್ನು ಇಡಿಯಾಗಿ ನುಂಗಿಸಿದರೆ ಕರಗಲು ಗಂಟೆಗಟ್ಟಲೆ ಬೇಕು. ಜೊತೆಗೆ ಕ್ಲೋಪಿಡೋಗ್ರೆಲ್: ನೇರ ಆಂಜಿಯೋಪ್ಲಾಸ್ಟಿಗೆ ಹೋಗುವವರಿಗೆ ಸಾಮಾನ್ಯವಾಗಿ 600 ಮಿ.ಗ್ರಾಂ., ಹೆಪ್ಪು ಕರಗಿಸುವ ಔಷಧಿ ಕೊಡುವುದಾದರೆ 300, ಅದೇ ರೋಗಿ 75 ವರ್ಷ ದಾಟಿದ್ದರೆ 75 ಮಾತ್ರ. ಇಲ್ಲಿ ವಯಸ್ಸು ಕೇಳದೆ ಕೈ ಹಾಕಬೇಡಿ. ಕ್ಲೋಪಿಡೋಗ್ರೆಲ್ ಬದಲು ಟಿಕಾಗ್ರೆಲಾರ್ ಆದರೆ 180.

ನಾಲಿಗೆ ಕೆಳಗೆ ಸಾರ್ಬಿಟ್ರೇಟ್ (ನೈಟ್ರೇಟ್ ಮಾತ್ರೆ) 5 ಮಿ.ಗ್ರಾಂ. ಇಡುವ ಮೊದಲು ಬಿಪಿ ನೋಡಿ. ಮೇಲಿನ ಅಂಕಿ 90ಕ್ಕಿಂತ ಕಡಿಮೆ ಇದ್ದರೆ ಬೇಡ, ಬಲ ಕುಹರದ ಆಘಾತದಲ್ಲಿ ಬೇಡ, ಹಿಂದಿನ 24 ಗಂಟೆಯಲ್ಲಿ ಸಿಲ್ಡೆನಫಿಲ್ ಅಥವಾ 48 ಗಂಟೆಯಲ್ಲಿ ಟಡಾಲಫಿಲ್ (ಎರಡೂ ಲೈಂಗಿಕ ಶಕ್ತಿಗೆ ನುಂಗುವ ಮಾತ್ರೆಗಳು) ತೆಗೆದುಕೊಂಡಿದ್ದರೆ ಬೇಡವೇ ಬೇಡ. ಈ ಕೊನೆಯ ಪ್ರಶ್ನೆಯನ್ನು ಹೆಂಡತಿ ಮಕ್ಕಳ ಮುಂದೆ ಕೇಳಿದರೆ ಯಾವ ಗಂಡಸೂ ನಿಜ ಹೇಳುವುದಿಲ್ಲ. ನೆಂಟರನ್ನು ಕೇಸ್ ಪೇಪರ್ ಮಾಡಿಸಲು ಕಳಿಸಿ, ಮೆಲುದನಿಯಲ್ಲಿ, "ಈ ಮಾತ್ರೆ ತಗೊಂಡಿದ್ರೆ ಇವತ್ತಿನ ಔಷಧಿ ಪ್ರಾಣಕ್ಕೆ ಅಪಾಯ, ಅದಕ್ಕೇ ಕೇಳ್ತಿರೋದು ಅಣ್ಣ" ಎಂದು ಕಾರಣ ಹೇಳಿ ಕೇಳಿ.

ಆಕ್ಸಿಜನ್ ಎಲ್ಲರಿಗೂ ಬೇಕಿಲ್ಲ. ಎಸ್‌ಪಿಒ2 (ರಕ್ತದ ಆಕ್ಸಿಜನ್ ಶೇಕಡಾ) 90ಕ್ಕಿಂತ ಕಡಿಮೆ ಇದ್ದರೆ, ಅಥವಾ ಉಸಿರಿಗೆ ಒದ್ದಾಡುತ್ತಿದ್ದರೆ ಕೊಡಬೇಕು. ಆಕ್ಸಿಜನ್ ಸಾಕಷ್ಟಿರುವವರಿಗೆ ಮಾಸ್ಕ್ ಹಾಕುವುದರಿಂದ ಲಾಭವಿಲ್ಲ ಎಂದು ಗೊತ್ತಾದ ಮೇಲೂ ಈ ಅಭ್ಯಾಸ ಬಹಳ ಕಡೆ ಉಳಿದುಕೊಂಡಿದೆ.

ಐವಿ ಲೈನ್ ಎರಡು ಬೇಕು, ಸಾಧ್ಯವಾದರೆ ಎಡಗೈಯಲ್ಲಿ. ಬಲ ಮಣಿಕಟ್ಟನ್ನು ಕ್ಯಾಥ್ ಲ್ಯಾಬಿಗೆ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಬಿಟ್ಟುಬಿಡಿ. ಸ್ನಾಯುವಿಗೆ ಯಾವ ಇಂಜೆಕ್ಷನ್ನೂ ಬೇಡ: ಹೆಪ್ಪು ಕರಗಿಸುವ ಔಷಧಿ ಕೊಟ್ಟ ಮೇಲೆ ಆ ಜಾಗದಲ್ಲಿ ರಕ್ತ ಗಡ್ಡೆಕಟ್ಟುತ್ತದೆ.

ಹೆಪ್ಪು ಕರಗಿಸುವ ಇಂಜೆಕ್ಷನ್

ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಯಲ್ಲಿ ಮೊದಲ ವೈದ್ಯಕೀಯ ಸಂಪರ್ಕದಿಂದ 90 ನಿಮಿಷದೊಳಗೆ ಬಲೂನು ಹಾಕುವುದು (ಆಂಜಿಯೋಪ್ಲಾಸ್ಟಿ) ಗುರಿ. ಬೇರೆಡೆಯಿಂದ ಕಳಿಸುವುದಾದರೆ 120 ನಿಮಿಷ. ಅಷ್ಟರಲ್ಲಿ ಆಗುವುದಿಲ್ಲ ಎಂದಾದರೆ ಇದ್ದ ಜಾಗದಲ್ಲೇ 30 ನಿಮಿಷದೊಳಗೆ ಇಂಜೆಕ್ಷನ್. ಪಾಲ್ಘರ್ ಕಡೆಯ ಸಣ್ಣ ಆಸ್ಪತ್ರೆಯಿಂದ ಸಂಜೆಯ ಹೈವೇ ಟ್ರಾಫಿಕ್ಕಿನಲ್ಲಿ ಮುಂಬಯಿ ಮುಟ್ಟುವ ಲೆಕ್ಕ ಹಾಕುವಾಗ ಇದನ್ನು ನೆನಪಿಡಬೇಕು.

ಕೊಡುವ ಮೊದಲು ಪಟ್ಟಿ ಹಿಡಿದು ಕೇಳಿ: ಯಾವಾಗಲಾದರೂ ಮೆದುಳಿನಲ್ಲಿ ರಕ್ತಸ್ರಾವ ಆಗಿತ್ತೇ? ಮೂರು ತಿಂಗಳಲ್ಲಿ ಪಾರ್ಶ್ವವಾಯು, ತಲೆಗೆ ಜೋರು ಪೆಟ್ಟು? ಈಗ ಎಲ್ಲಿಂದಲಾದರೂ ರಕ್ತ ಹೋಗುತ್ತಿದೆಯೇ, ಮಲ ಕಪ್ಪಗಿದೆಯೇ? ಇತ್ತೀಚೆಗೆ ಆಪರೇಷನ್? ನೋವು ಸೀಳಿದ ಹಾಗೆ ಬೆನ್ನಿಗೆ ಹರಿಯುತ್ತದೆಯೇ? ಎರಡೂ ತೋಳಿನ ಬಿಪಿ ತೆಗೆದು ಬರೆಯಿರಿ. ದೊಡ್ಡ ವ್ಯತ್ಯಾಸವಿದ್ದರೆ ಮಹಾಧಮನಿ ಸೀಳಿರಬಹುದು, ಆಗ ಈ ಔಷಧಿ ಕೊಲ್ಲುತ್ತದೆ. ಬಿಪಿ 180/110 ದಾಟಿದ್ದರೆ ಮೊದಲು ಅದನ್ನು ಇಳಿಸಬೇಕು.

ಹೆಪ್ಪು ಕರಗಿಸುವ ಔಷಧಿಗಳಲ್ಲಿ ಟೆನೆಕ್ಟಿಪ್ಲೇಸ್ ತೂಕದ ಮೇಲೆ ಹೋಗುತ್ತದೆ. 60 ಕೆ.ಜಿ.ಗಿಂತ ಕಡಿಮೆ ಇದ್ದರೆ 30 ಮಿ.ಗ್ರಾಂ., 60ರಿಂದ 69ಕ್ಕೆ 35, 70ರಿಂದ 79ಕ್ಕೆ 40, 80ರಿಂದ 89ಕ್ಕೆ 45, 90 ಮತ್ತು ಮೇಲ್ಪಟ್ಟು 50. ವಯಸ್ಸಾದವರಿಗೆ, ಮುಖ್ಯವಾಗಿ 75 ದಾಟಿದವರಿಗೆ, ಅರ್ಧ ಪ್ರಮಾಣದ ಬಗ್ಗೆ ಡಾಕ್ಟರನ್ನು ಕೇಳಿ. ತೂಕ ಅಂದಾಜು ಮಾಡಬೇಡಿ, ಸ್ಟ್ರೆಚರಿನ ಮೇಲಿದ್ದರೆ ರೋಗಿಯನ್ನೂ ನೆಂಟರನ್ನೂ ಕೇಳಿ ತಾಳೆ ನೋಡಿ. ಪುಡಿಗೆ ನೀರು ಸೇರಿಸಿ ಕುಲುಕಬಾರದು, ಮೆಲ್ಲಗೆ ತಿರುಗಿಸಬೇಕು. ಐದು ಸೆಕೆಂಡಿನಲ್ಲಿ ಒಂದೇ ಬೋಲಸ್ (ಪೂರ್ತಿ ಪ್ರಮಾಣ ಒಮ್ಮೆಲೇ). ಡೆಕ್ಸ್‌ಟ್ರೋಸ್ ಹೋಗುತ್ತಿರುವ ಲೈನಿನಲ್ಲಿ ಕೊಟ್ಟರೆ ಔಷಧಿ ಅಲ್ಲೇ ಗಟ್ಟಿಯಾಗುತ್ತದೆ. ಮುಂಚೆಯೂ ಆಮೇಲೂ ನಾರ್ಮಲ್ ಸಲೈನಿನಿಂದ ಲೈನ್ ತೊಳೆಯಿರಿ.

ಸ್ಟ್ರೆಪ್ಟೋಕೈನೇಸ್ ಆದರೆ 15 ಲಕ್ಷ ಯುನಿಟ್, 100 ಮಿ.ಲೀ. ನಾರ್ಮಲ್ ಸಲೈನಿನಲ್ಲಿ, 30ರಿಂದ 60 ನಿಮಿಷದಲ್ಲಿ. ಬಿಪಿ ಇಳಿಯುವುದು ಸಾಮಾನ್ಯ. ಮೊದಲ ಅರ್ಧ ಗಂಟೆ ಐದೈದು ನಿಮಿಷಕ್ಕೆ ಬಿಪಿ ನೋಡಿ. ಇಳಿದರೆ ವೇಗ ತಗ್ಗಿಸಿ ಅಥವಾ ನಿಲ್ಲಿಸಿ, ಕಾಲು ಎತ್ತಿ, ಡಾಕ್ಟರಿಗೆ ಹೇಳಿ. ಒಮ್ಮೆ ಪಡೆದವರಿಗೆ ಮತ್ತೆ ಇದೇ ಔಷಧಿ ಕೊಡುವುದಿಲ್ಲ, ಆದ್ದರಿಂದ ಡಿಸ್ಚಾರ್ಜ್ ಕಾರ್ಡಿನಲ್ಲಿ ಔಷಧಿಯ ಹೆಸರೂ ತಾರೀಕೂ ಇರಲೇಬೇಕು.

ಮುಂದಿನ 24 ಗಂಟೆ ನೀವು ಹುಡುಕುತ್ತಿರುವುದು ರಕ್ತಸ್ರಾವವನ್ನು. ವಸಡು, ಮೂತ್ರ, ಸೂಜಿ ಚುಚ್ಚಿದ ಜಾಗ ನೋಡುತ್ತಿರಿ. ಪ್ರತಿ ಸಲ ಬಿಪಿ ನೋಡುವಾಗ ರೋಗಿಯ ಹೆಸರು ಕೇಳಿ, ಎರಡೂ ಕೈ ಎತ್ತಿಸಿ, ನಗಲು ಹೇಳಿ. ಹಠಾತ್ ತಲೆನೋವು, ವಾಂತಿ, ಮಾತು ತೊದಲುವುದು ಕಂಡರೆ ಹೋಗುತ್ತಿರುವ ಔಷಧಿ, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಎರಡನ್ನೂ ನಿಲ್ಲಿಸಿ ತಕ್ಷಣ ಕರೆಯಿರಿ. ಅತ್ಯಗತ್ಯವಿಲ್ಲದಿದ್ದರೆ ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಹಾಕುವ ಕೊಳವೆ), ಮೂತ್ರದ ಕ್ಯಾಥೆಟರ್ ಮುಂದೂಡಿ.

60ರಿಂದ 90 ನಿಮಿಷಕ್ಕೆ ಮತ್ತೆ ಇಸಿಜಿ. ಅತಿ ಎತ್ತರ ಎದ್ದಿದ್ದ ಲೀಡಿನಲ್ಲಿ ಎಸ್‌ಟಿ ಅರ್ಧಕ್ಕಾದರೂ ಇಳಿದಿರಬೇಕು, ನೋವೂ ತಗ್ಗಿರಬೇಕು. ಇಳಿದಿಲ್ಲವೆಂದರೆ ರಕ್ತನಾಳ ತೆರೆದಿಲ್ಲ, ರೋಗಿಯನ್ನು ಆಂಜಿಯೋಪ್ಲಾಸ್ಟಿಗೆ ಸಾಗಿಸಬೇಕು. ಈ ಎರಡನೇ ಇಸಿಜಿ ತಡವಾಗುವುದು ಹೆಚ್ಚಾಗಿ ಪಾಳಿ ಬದಲಾಗುವ ಹೊತ್ತಿನಲ್ಲಿ. ಅದರ ಸಮಯವನ್ನು ಹ್ಯಾಂಡ್‌ಓವರಿನ ಮೊದಲ ಸಾಲಾಗಿ ಹೇಳಿ.

ಆಂಜಿಯೋಗ್ರಾಫಿ, ಆಂಜಿಯೋಪ್ಲಾಸ್ಟಿ ಆದ ಮೇಲೆ

ಮಣಿಕಟ್ಟಿನಿಂದ ಮಾಡಿದ್ದರೆ ಗಾಳಿ ತುಂಬಿದ ಬ್ಯಾಂಡ್ ಇರುತ್ತದೆ. ರಕ್ತ ನಿಲ್ಲುವಷ್ಟು ಮಾತ್ರ ಬಿಗಿಯಿರಬೇಕು, ನಾಡಿ ಮುಚ್ಚುವಷ್ಟಲ್ಲ. ಪರೀಕ್ಷಿಸುವುದು ಹೀಗೆ: ಹೆಬ್ಬೆರಳಿಗೆ ಪಲ್ಸ್ ಆಕ್ಸಿಮೀಟರ್ ಹಾಕಿ, ಕಿರುಬೆರಳಿನ ಕಡೆಯ ನಾಡಿಯನ್ನು ಒತ್ತಿ ಹಿಡಿಯಿರಿ. ತೆರೆಯ ಮೇಲೆ ಅಲೆ ಉಳಿದರೆ ರೇಡಿಯಲ್ ನಾಡಿ (ಹೆಬ್ಬೆರಳಿನ ಕಡೆಯದು) ಹರಿಯುತ್ತಿದೆ. ಅಲೆ ಸತ್ತರೆ, ಅಲೆ ಮರಳುವವರೆಗೆ ಸ್ವಲ್ಪ ಸ್ವಲ್ಪವೇ ಗಾಳಿ ತೆಗೆಯಿರಿ. ಎಷ್ಟು ಮಿ.ಲೀ. ತುಂಬಿದ್ದರು ಎಂದು ಕ್ಯಾಥ್ ಲ್ಯಾಬಿನವರನ್ನು ಕೇಳಿ ಬರೆದಿಟ್ಟುಕೊಂಡರೆ ಆಮೇಲೆ ಹಂತಹಂತವಾಗಿ ಇಳಿಸುವುದು ಸುಲಭ.

ತೊಡೆಸಂದಿನಿಂದ ಮಾಡಿದ್ದರೆ ಶೀತ್ (ನಾಡಿಯೊಳಗಿಟ್ಟ ಕೊಳವೆ) ತೆಗೆಯುವ ಮೊದಲು ಎಸಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತು) ಎಷ್ಟಿದೆ ಕೇಳಿ. ಒತ್ತಬೇಕಾದದ್ದು ಚರ್ಮದ ತೂತಿನ ಮೇಲಲ್ಲ, ಅದಕ್ಕಿಂತ ಒಂದೆರಡು ಸೆಂ.ಮೀ. ಮೇಲೆ, ಏಕೆಂದರೆ ಸೂಜಿ ಓರೆಯಾಗಿ ಹೋಗಿರುವುದರಿಂದ ನಾಡಿಯ ತೂತು ಮೇಲಿರುತ್ತದೆ. 15ರಿಂದ 20 ನಿಮಿಷ, ನಡುವೆ ಎತ್ತಿ ನೋಡದೆ. ಒತ್ತುವಾಗ ರೋಗಿ ಬಿಳಿಚಿ, ಬೆವರಿ, ನಾಡಿ ನಿಧಾನವಾದರೆ ಕಾಲೆತ್ತಿ, ಸಲೈನ್ ಬಿಡಿ, ನಾಡಿಯ ವೇಗ ಹೆಚ್ಚಿಸುವ ಅಟ್ರೋಪಿನ್ ಕೈಗೆಟುಕುವಂತಿರಲಿ. ಆಮೇಲೆ ನಾಲ್ಕರಿಂದ ಆರು ಗಂಟೆ ಕಾಲು ಮಡಚದೆ ಮಲಗಬೇಕು. ಮೊದಲ ಗಂಟೆ 15 ನಿಮಿಷಕ್ಕೊಮ್ಮೆ ಜಾಗವನ್ನೂ ಪಾದದ ನಾಡಿಯನ್ನೂ ನೋಡಿ. ಪಟ್ಟಿ ಒಣಗಿದೆ ಎಂದು ಸಮಾಧಾನಪಡಬೇಡಿ, ಕೈಯನ್ನು ಸೊಂಟದ ಕೆಳಗೆ ಹಾಕಿ ಹಾಸಿಗೆ ಒದ್ದೆಯಾಗಿದೆಯೇ ನೋಡಿ.

ಒಂದು ಲಕ್ಷಣವನ್ನು ಮಾತ್ರ ಯಾವ ಕಾರಣಕ್ಕೂ ತಳ್ಳಿಹಾಕಬಾರದು. ರೋಗಿ "ಸೊಂಟ ನೋಯ್ತಾ ಇದೆ" ಎನ್ನುತ್ತಾನೆ. ನೇರ ಮಲಗಿದ್ದಕ್ಕೆ ಎಂದು ದಿಂಬು ಕೊಟ್ಟು ಹೋಗುವುದು ಸಹಜ. ಆದರೆ ಅದರ ಜೊತೆಗೆ ನಾಡಿ ಏರಿ ಬಿಪಿ ಇಳಿಯುತ್ತಿದ್ದರೆ ರಕ್ತ ಹೊಟ್ಟೆಯ ಹಿಂಭಾಗಕ್ಕೆ ಸೋರುತ್ತಿರಬಹುದು. ಹೊರಗೆ ಒಂದು ಹನಿಯೂ ಕಾಣುವುದಿಲ್ಲ.

ಪಂಪಿನ ಲೆಕ್ಕ

ಐಸಿಸಿಯುವಿಗೆ (ಹೃದ್ರೋಗಿಗಳ ತೀವ್ರ ನಿಗಾ ಘಟಕ) ಹೊಸಬರಾದವರು ಔಷಧಿ ಬಿಡುವ ಸಿರಿಂಜ್ ಪಂಪಿನ ವೇಗದ ಲೆಕ್ಕಕ್ಕೆ ಹೆದರುತ್ತಾರೆ. ಲೆಕ್ಕ ಎರಡೇ ಹೆಜ್ಜೆ: ಒಂದು ಮಿ.ಲೀ.ಯಲ್ಲಿ ಎಷ್ಟು ಮೈಕ್ರೋಗ್ರಾಂ ಇದೆ, ಗಂಟೆಗೆ ಎಷ್ಟು ಮೈಕ್ರೋಗ್ರಾಂ ಬೇಕು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ.

ನೈಟ್ರೋಗ್ಲಿಸರಿನ್ 25 ಮಿ.ಗ್ರಾಂ. ಅನ್ನು 50 ಮಿ.ಲೀ.ಗೆ ಮಾಡಿದರೆ ಒಂದು ಮಿ.ಲೀ.ಯಲ್ಲಿ 500 ಮೈಕ್ರೋಗ್ರಾಂ. ಆದೇಶ ನಿಮಿಷಕ್ಕೆ 10 ಮೈಕ್ರೋಗ್ರಾಂ ಎಂದಿದ್ದರೆ ಗಂಟೆಗೆ 600. 600 ಭಾಗಿಸು 500, ಪಂಪಿನಲ್ಲಿ ಗಂಟೆಗೆ 1.2 ಮಿ.ಲೀ.

ಡೊಬುಟಮಿನ್ (ಹೃದಯದ ಬಡಿತಕ್ಕೆ ಬಲ ಕೊಡುವ ಔಷಧಿ) 250 ಮಿ.ಗ್ರಾಂ. 50 ಮಿ.ಲೀ.ಯಲ್ಲಿ ಎಂದರೆ ಮಿ.ಲೀ.ಗೆ 5000 ಮೈಕ್ರೋಗ್ರಾಂ. 60 ಕೆ.ಜಿ. ರೋಗಿಗೆ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೋಗ್ರಾಂ: 5 × 60 × 60 = 18,000. ಭಾಗಿಸಿದರೆ 3.6 ಮಿ.ಲೀ. ಇನ್ನೊಬ್ಬ ನರ್ಸ್ ಬೇರೆಯಾಗಿ ಲೆಕ್ಕ ಮಾಡಿ ತಾಳೆಯಾದ ಮೇಲೆಯೇ ಪಂಪ್ ಶುರುಮಾಡಿ. ನಿಮ್ಮ ಉತ್ತರವನ್ನು ತೋರಿಸಿ "ಸರಿಯಾ?" ಎಂದು ಕೇಳಿದರೆ ಎಲ್ಲರೂ ಸರಿ ಎಂದೇ ತಲೆಯಾಡಿಸುತ್ತಾರೆ.

ಹೃದಯದ ಲಯ ಸರಿಪಡಿಸುವ ಅಮಿಯೋಡರೋನ್ ಇನ್ಫ್ಯೂಷನ್ ಶೇ. 5 ಡೆಕ್ಸ್‌ಟ್ರೋಸಿನಲ್ಲಿ ಮಾತ್ರ. ಕೈಯ ನರದಲ್ಲಿ (ವೇನ್‌ನಲ್ಲಿ) ಹೋಗುತ್ತಿದ್ದರೆ ಕೆಂಪಾಗಿದೆಯೇ ಎಂದು ಗಂಟೆಗೊಮ್ಮೆ ನೋಡಿ. ನಾರ್‌ಅಡ್ರಿನಲಿನ್ (ಬಿಪಿ ಎತ್ತಿ ಹಿಡಿಯುವ ಔಷಧಿ) ಸಿರಿಂಜ್ ಮುಗಿಯುವ ಮುಂಚೆಯೇ ಮುಂದಿನದನ್ನು ತುಂಬಿ ಹೆಸರು ಬರೆದು ಇಟ್ಟಿರಬೇಕು. ಅದು ನಿಂತ ಒಂದೆರಡು ನಿಮಿಷದಲ್ಲೇ ಬಿಪಿ ಬಿದ್ದುಹೋಗುತ್ತದೆ. ಆ ಲೈನಿನಲ್ಲಿ ಬೇರೆ ಯಾವ ಔಷಧಿಯನ್ನೂ ತಳ್ಳಬಾರದು, ತಳ್ಳಿದರೆ ಕೊಳವೆಯಲ್ಲಿದ್ದ ನಾರ್‌ಅಡ್ರಿನಲಿನ್ ಒಟ್ಟಿಗೆ ಒಳಹೋಗಿ ಬಿಪಿ ಹಾರುತ್ತದೆ.

ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆ ಕಟ್ಟುನಿಟ್ಟು ಬೇಕು. 10 ಮಿ.ಲೀ.ಯ ಶೇ. 15ರ ಆಂಪ್ಯೂಲಿನಲ್ಲಿ 20 ಮಿಲಿಈಕ್ವಿವಲೆಂಟ್ ಇರುತ್ತದೆ. ನೇರ ತಳ್ಳಿದರೆ ಹೃದಯ ನಿಲ್ಲುತ್ತದೆ. ಕೈಯ ನರದಲ್ಲಿ ಗಂಟೆಗೆ 10 ಮಿಲಿಈಕ್ವಿವಲೆಂಟ್‌ಗಿಂತ ಹೆಚ್ಚು ಬೇಡ. ಡಿಸ್ಟಿಲ್ಡ್ ವಾಟರಿನ ಆಂಪ್ಯೂಲುಗಳ ಪಕ್ಕ ಇದನ್ನು ಇಡಬೇಡಿ, ಬೇರೆ ಡಬ್ಬಿ, ಕೆಂಪು ಚೀಟಿ. ಚೀಲಕ್ಕೆ ಸೇರಿಸಿದ ಮೇಲೆ ನಾಲ್ಕಾರು ಸಲ ಮೇಲೆಕೆಳಗೆ ಮಾಡಿ ಬೆರೆಸಿ, ಇಲ್ಲದಿದ್ದರೆ ತಳದಲ್ಲೇ ಕೂತು ಮೊದಲ ಹನಿಗಳಲ್ಲೇ ಇಳಿಯುತ್ತದೆ.

ಮಾನಿಟರ್ ಕೂಗಿದಾಗ

ಮೊದಲು ರೋಗಿಯನ್ನು ನೋಡಿ, ಆಮೇಲೆ ತೆರೆಯನ್ನು. ಹಲ್ಲುಜ್ಜುವಾಗ, ಎದೆ ತುರಿಸಿಕೊಳ್ಳುವಾಗ ಗೆರೆ ವಿಟಿಯ (ಹೃದಯದ ಕೆಳಕೋಣೆಯ ಅಪಾಯಕಾರಿ ಅತಿವೇಗದ ಬಡಿತ) ಹಾಗೆಯೇ ಕಾಣುತ್ತದೆ. ಆಗ ಎಸ್‌ಪಿಒ2 ಅಲೆ ಲಯಬದ್ಧವಾಗಿ ನಡೆಯುತ್ತಿದ್ದರೆ ಅದು ಅಲುಗಾಟ. ಎಲೆಕ್ಟ್ರೋಡ್‌ಗಳನ್ನು ದಿನಾ ಬದಲಿಸಿ. ಸುಳ್ಳು ಅಲಾರಂ ಹೆಚ್ಚಾದರೆ ಅದನ್ನು ಬಂದ್ ಮಾಡುವುದಲ್ಲ, ಮಿತಿಗಳನ್ನು ಆ ರೋಗಿಗೆ ತಕ್ಕಂತೆ ಹೊಂದಿಸುವುದು ಸರಿಯಾದ ದಾರಿ.

ರೋಗಿ ಪ್ರತಿಕ್ರಿಯಿಸುತ್ತಿಲ್ಲ, ನಾಡಿ ಇಲ್ಲ ಎಂದರೆ ಎದೆ ಒತ್ತಲು ಶುರುಮಾಡಿ: ನಿಮಿಷಕ್ಕೆ 100ರಿಂದ 120, ಆಳ 5ರಿಂದ 6 ಸೆಂ.ಮೀ., ಎರಡು ನಿಮಿಷಕ್ಕೊಮ್ಮೆ ಕೈ ಬದಲಾವಣೆ. ವಿಎಫ್ (ಹೃದಯ ಬಡಿಯದೆ ಬರೀ ಕಂಪಿಸುವುದು) ಅಥವಾ ನಾಡಿಯಿಲ್ಲದ ವಿಟಿ ಇದ್ದರೆ ಬೈಫೇಸಿಕ್ ಯಂತ್ರದಲ್ಲಿ ತಯಾರಕರು ಹೇಳಿದಂತೆ 120ರಿಂದ 200 ಜೂಲ್ ಶಾಕ್. ಶಾಕ್ ಕೊಟ್ಟ ಮರುಕ್ಷಣವೇ ಮತ್ತೆ ಒತ್ತಿ, ನಾಡಿ ಹುಡುಕುತ್ತ ನಿಲ್ಲಬೇಡಿ. ಕ್ರ್ಯಾಶ್ ಕಾರ್ಟ್ (ತುರ್ತು ಔಷಧಿ, ಉಪಕರಣಗಳ ಗಾಡಿ) ಪ್ರತಿ ಪಾಳಿಯಲ್ಲಿ ತೆರೆದು ನೋಡಿ. ಡಿಫಿಬ್ರಿಲೇಟರ್ ಚಾರ್ಜಿನಲ್ಲಿದೆಯೇ, ಜೆಲ್ ಇದೆಯೇ, ಲ್ಯಾರಿಂಗೋಸ್ಕೋಪಿನ ಬಲ್ಬು ಉರಿಯುತ್ತದೆಯೇ.

ಫೋನಿನಲ್ಲಿ ಹೇಳುವ ರೀತಿ

"ಸರ್, ಆರನೇ ಬೆಡ್ ಪೇಷಂಟ್ ಸ್ವಲ್ಪ ಡಲ್ ಇದ್ದಾರೆ" ಎಂದರೆ ಆ ಕಡೆಯವರು "ನೋಡ್ತಾ ಇರಿ" ಎನ್ನುತ್ತಾರೆ. ಹೀಗೆ ಹೇಳಿ: "ಸರ್, ಐಸಿಸಿಯು ಆರನೇ ಬೆಡ್. 58 ವರ್ಷ, ಮುಂಗೋಡೆಯ ಎಂಐ (ಹೃದಯಾಘಾತ), ನಿನ್ನೆ ಸ್ಟೆಂಟ್ ಹಾಕಿದೆ. ಒಂದು ಗಂಟೆಯಲ್ಲಿ ಬಿಪಿ 120ರಿಂದ 88ಕ್ಕೆ ಇಳಿದಿದೆ, ನಾಡಿ 118, ಕೈಕಾಲು ತಣ್ಣಗಿದೆ, ಕಳೆದ ಎರಡು ಗಂಟೆಯಲ್ಲಿ ಮೂತ್ರ 20 ಮಿ.ಲೀ. ಇಸಿಜಿ ತೆಗೆದಿದ್ದೇನೆ. ಈಗಲೇ ಬಂದು ನೋಡಬೇಕು." ಯಾರು, ಏನಾಗಿತ್ತು, ಏನು ಬದಲಾಯಿತು, ನಿಮಗೆ ಏನು ಬೇಕು. ಆದೇಶ ಕೊಟ್ಟರೆ ತಿರುಗಿ ಓದಿ ಹೇಳಿ. ಬರದಿದ್ದರೆ ಹದಿನೈದು ನಿಮಿಷ ಕಾದು ಕೂರಬೇಡಿ, ಮೇಲಿನವರಿಗೆ ಫೋನ್ ಮಾಡಿ. ಎರಡೂ ಕರೆಗಳ ಹೊತ್ತನ್ನು ಬರೆದಿಡಿ.

ಹೃದಯ ವೈಫಲ್ಯ: ತಕ್ಕಡಿಯೇ ಮುಖ್ಯ ಉಪಕರಣ

ಕೂತೇ ನಿದ್ದೆ ಮಾಡುವ, ಕಾಲು ಊದಿದ ರೋಗಿಯಲ್ಲಿ ದಿನದ ತೂಕ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಬೆಳಿಗ್ಗೆ ಮೂತ್ರ ಮಾಡಿದ ಮೇಲೆ, ಚಹಾ ಕುಡಿಯುವ ಮೊದಲು, ಅದೇ ತಕ್ಕಡಿ, ಅಷ್ಟೇ ಬಟ್ಟೆ. ಮೂರು ದಿನದಲ್ಲಿ 2 ಕೆ.ಜಿ. ಏರಿದರೆ ಅದು ಕೊಬ್ಬಲ್ಲ, ನೀರು. ಮೂತ್ರ ಹೆಚ್ಚಿಸಿ ನೀರು ಇಳಿಸುವ ಫ್ಯೂರೋಸೆಮೈಡ್ ಐವಿ ನಿಧಾನಕ್ಕೆ ಕೊಡಿ, ದೊಡ್ಡ ಪ್ರಮಾಣವಾದರೆ ನಿಮಿಷಕ್ಕೆ 4 ಮಿ.ಗ್ರಾಂ. ಮೀರದಂತೆ. ವೇಗವಾಗಿ ಕೊಟ್ಟರೆ ಕಿವಿಗೆ ಹಾನಿ. ಮಾತ್ರೆಯ ಎರಡನೇ ಡೋಸ್ ಸಂಜೆ ನಾಲ್ಕರೊಳಗೆ ಇರಲಿ, ರಾತ್ರಿಯಿಡೀ ಎದ್ದು ಓಡಾಡಿ ಬೀಳುವುದು ತಪ್ಪುತ್ತದೆ. ಬಡಿತ ನಿಧಾನಗೊಳಿಸುವ ಡೈಗಾಕ್ಸಿನ್ ಕೊಡುವ ಮೊದಲು ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. 60ಕ್ಕಿಂತ ಕಡಿಮೆಯಿದ್ದರೆ ತಡೆದು ಕೇಳಿ.

ಮನೆಗೆ ಕಳಿಸುವಾಗ

ಡಿಸ್ಚಾರ್ಜ್ ಕಾರ್ಡ್ ಇಂಗ್ಲಿಷಿನಲ್ಲಿರುತ್ತದೆ, ವಾರ್ಡಿನ ಮಾತು ಮರಾಠಿ ಹಿಂದಿ. ಹೋಟೆಲ್ ಕೋಣೆಯಲ್ಲಿ ಒಬ್ಬನೇ ಇರುವ ಕುಂದಾಪುರದ ಕಡೆಯವನಿಗೂ, ಕಲಬುರಗಿಯ ಅಜ್ಜನಿಗೂ ಕನ್ನಡದಲ್ಲಿ ಹೇಳಬಲ್ಲವರು ಆ ವಾರ್ಡಿನಲ್ಲಿ ನೀವೊಬ್ಬರೇ ಇರಬಹುದು. ಹೇಳಿ ಮುಗಿಸಬೇಡಿ, ಅವರಿಂದ ತಿರುಗಿ ಹೇಳಿಸಿ.

ಸ್ಟೆಂಟ್ ಹಾಕಿದವರು ಎರಡು ರಕ್ತ ತೆಳುಮಾಡುವ ಮಾತ್ರೆಗಳನ್ನು ಸಾಮಾನ್ಯವಾಗಿ ಒಂದು ವರ್ಷ ಬಿಡುವಂತಿಲ್ಲ. ಊರಿಗೆ ಹೋಗುವಾಗ ಮರೆತರೆ, ಹಲ್ಲು ಕೀಳಿಸಲು ಯಾರೋ ನಿಲ್ಲಿಸಿ ಎಂದರೆ, ಸ್ಟೆಂಟಿನೊಳಗೆ ಹೆಪ್ಪುಗಟ್ಟಬಹುದು. ಊರಿನ ಬಸ್ಸು ಹತ್ತುವಾಗ ಎರಡು ವಾರದ ಮಾತ್ರೆ ಹೆಚ್ಚಿಗೆ ಇರಲಿ ಎನ್ನಿ, ಚೀಟಿಯ ಫೋಟೋ ಮೊಬೈಲಿನಲ್ಲಿರಲಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಎಂದರೆ ಎಲ್ಲ ಸೇರಿ ಒಂದು ಸಮತಟ್ಟಾದ ಟೀ ಚಮಚ. 'ಉಪ್ಪು ಕಡಿಮೆ ಮಾಡಿ' ಎಂದರೆ ಸಾರಿಗೆ ಕಡಿಮೆ ಹಾಕಿ, ಗಂಜಿಯ ಜೊತೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಹಾಗೇ ನಡೆಯುತ್ತದೆ. ಅವುಗಳ ಹೆಸರು ಹಿಡಿದೇ ಹೇಳಿ, ಫರ್ಸಾಣ್, ವಡಾಪಾವ್ ಸೇರಿಸಿ. ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್ ತರಹದ ಪೊಟ್ಯಾಸಿಯಂ ಏರಿಸುವ ಮಾತ್ರೆಗಳಲ್ಲಿರುವವರಿಗೆ 'ಕಡಿಮೆ ಸೋಡಿಯಂ' ಎಂದು ಮಾರುವ ಉಪ್ಪು ಒಳ್ಳೆಯದಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ದಿನಕ್ಕೆರಡು ಎಳನೀರೂ ಹಾಗೆಯೇ.

ಲಿಫ್ಟಿಲ್ಲದ ಚಾಳಿನ ಮೂರನೇ ಮಾಳಿಗೆಯಲ್ಲಿ ಮನೆ ಇದೆಯೇ ಎಂದು ಕೇಳಿ. ಇದ್ದರೆ ಬಿಡುಗಡೆಗೆ ಮೊದಲು ಡಾಕ್ಟರ ಒಪ್ಪಿಗೆ ಪಡೆದು ಜೊತೆಯಲ್ಲೇ ಮೆಟ್ಟಿಲು ಹತ್ತಿಸಿ ನೋಡಿ. ಪ್ರತಿ ಮಾಳಿಗೆಗೆ ನಿಂತು, ಮಾತಾಡಲಾಗುವ ವೇಗದಲ್ಲಿ. ನೋವೋ ಏದುಸಿರೋ ಇಲ್ಲದೆ ಎರಡು ಮಾಳಿಗೆ ಹತ್ತಬಲ್ಲವರು ಗಂಡಹೆಂಡಿರ ಸಂಬಂಧಕ್ಕೂ ಸಾಮಾನ್ಯವಾಗಿ ಸಿದ್ಧ. ಕೇಳಲು ನಾಚುತ್ತಾರೆ, ನೀವೇ ಹೇಳಿ. ಬಾಗಿಲಲ್ಲಿ ಜೋತುಬಿದ್ದು ಹೋಗುವ ಗರ್ದಿಯ ಲೋಕಲ್ ರೈಲು ಕೆಲ ವಾರ ಬೇಡ.

ಕೊನೆಗೆ ತುರ್ತಿನ ಮಾತು. ಮತ್ತೆ ಎದೆ ಹಿಡಿದರೆ ಇದ್ದಲ್ಲೇ ಕೂರಬೇಕು, ನಿಲ್ಲಬಾರದು, ಸಾರ್ಬಿಟ್ರೇಟ್ ಒಂದು ನಾಲಿಗೆ ಕೆಳಗೆ. ಐದು ನಿಮಿಷದಲ್ಲಿ ಹೋಗದಿದ್ದರೆ 108ಕ್ಕೆ ಫೋನ್. ರಿಕ್ಷಾ ಹಿಡಿದು ಹತ್ತಿರದ ನರ್ಸಿಂಗ್ ಹೋಂಗೆ, ಅಲ್ಲಿಂದ ಇನ್ನೊಂದಕ್ಕೆ ಅಲೆಯಬಾರದು. ಮಾತ್ರೆಗಳು ಬಿಸಿ, ತೇವ ತಾಗದಂತೆ ಅವು ಬಂದ ಸ್ಟ್ರಿಪ್ಪಿನಲ್ಲೇ ಇರಲಿ, ಅಡುಗೆಮನೆಯ ಕಪಾಟಿನಲ್ಲಲ್ಲ. ಕೋಣೆಯ ಜೊತೆಗಾರನಿಗೂ ಅವು ಎಲ್ಲಿವೆ ಎಂದು ತೋರಿಸಿರಬೇಕು.